ಅಟ್ಟದ ಒಕ್ಕಲು

ಅಹಿಂಸೆಯನ್ನು ಕುರಿತು ನಮ್ಮ ಹಿರಿಯರು ನಡೆಸಿದ ಚರ್ಚೆ ಅಪಾರವಾದುದು. ಆದರೆ ಆ ಚರ್ಚೆಯಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಪ್ರಾಣಿಗಳಾವುವು? ಗೋವು, ಜಿಂಕೆ, ಪಾರಿವಾಳ. ಇವು ನೋಡಲು ಸಾಧುವಾದುವು, ಇಲ್ಲವೆ ನಮಗೆ ಉಪಕಾರಿಗಳು. ನಮ್ಮ ತಲೆಯ ಮೇಲೆಯೇ, ಮುಚ್ಚಿಗೆಯ ಹಲಗೆಯೊಂದರ ಅಂತರದಲ್ಲಿ, ರಾತ್ರಿಯೆಲ್ಲ ದಡಬಡಿಸುತ್ತ, ಮನೆಯನ್ನೆಲ್ಲ ನಾರಿಸುತ್ತ ಬಾಳುವ ಪ್ರಾಣಿಯ ವಿಷಯದಲ್ಲಿ ಧರ್ಮವೇನೆಂದು ಕೇಳಿದವರು ವಿರಳ. ಈ ಸಣ್ಣ ಪ್ರಶ್ನೆಯನ್ನು ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಕಾಸರಗೋಡಿನ ಕಡೆಯ ಹೆಂಚಿನ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಪುನುಗು ಬೆಕ್ಕನ್ನು ಪರಿಚಯಿಸಬೇಕಾಗಿಲ್ಲ. ಕೆಲವರು ಇದನ್ನು ಕಬ್ಬೆಕ್ಕೆನ್ನುತ್ತಾರೆ. ನೆರೆಯ ಮಲಯಾಳಿಗಳಿಗೆ ಇದು ಮರಪಟ್ಟಿ. ಹೆಸರಿನಲ್ಲಿ ಬೆಕ್ಕಿದ್ದರೂ ಇದು ಬೆಕ್ಕಿನ ಕುಲಕ್ಕೆ ಸೇರಿದುದಲ್ಲ. ಹಗಲೆಲ್ಲ ಅಟ್ಟದ ಕತ್ತಲೆಯಲ್ಲಿ ನಿದ್ರಿಸಿ, ಮುಸ್ಸಂಜೆ ಕಳೆದ ಬಳಿಕ ಪಕ್ಕಾಸುಗಳ ಮೇಲೆ ಓಡಾಡಿ, ಸರಿದ ಹೆಂಚಿನ ಸಂದಿನಿಂದ ಹೊರಬಿದ್ದು ಹಲಸು, ಬಾಳೆ, ಪೇರಳೆಗಳನ್ನರಸಿ ಹೋಗುತ್ತದೆ. ಇಲಿಯನ್ನೂ ಹಿಡಿಯುತ್ತದೆ. ಬೈನೆಯ ಹಣ್ಣು ಇದಕ್ಕೆ ಬಲು ಪ್ರಿಯ. ತಿಂದ ಹಣ್ಣಿನ ಬೀಜವನ್ನು ದೂರ ದೂರಕ್ಕೆ ಒಯ್ದು ಬಿತ್ತುವ ಕೆಲಸವೂ ಇದರದೇ. ನಮ್ಮ ಹಿತ್ತಿಲಿನ ಮೂಲೆಯಲ್ಲಿ ಯಾರೂ ನೆಡದೆ ಎದ್ದು ನಿಂತ ಬೈನೆ ಮರವು ಇಂಥ ಯಾವುದೋ ರಾತ್ರಿಯ ಸಂಚಾರದ ಫಲವಾಗಿದ್ದೀತು.

ಇಷ್ಟು ಗುಣಗಳನ್ನು ಎಣಿಸಿದ ಮಾತ್ರಕ್ಕೆ ಮನೆಯವರ ಸಂಕಟ ಕಡಿಮೆಯಾಗುವುದಿಲ್ಲ. ಮುಚ್ಚಿಗೆಯ ಸಂದಿನಿಂದ ಮೂತ್ರ ತೊಟ್ಟಿಕ್ಕಿ ಮಕ್ಕಳ ಪುಸ್ತಕಗಳು ಹಾಳಾಗುತ್ತವೆ. ಅಟ್ಟದಲ್ಲಿಟ್ಟ ಬೀಜದ ಸೌತೆಕಾಯಿಯ ಪಕ್ಕದಲ್ಲಿ ಹಿಕ್ಕೆಯ ರಾಶಿ ಬಿದ್ದಿರುತ್ತದೆ. ಕಾಯಿಲೆಯ ಮುದುಕರಿಗೆ ನಿದ್ರೆಯಿಲ್ಲ. ಬೆದರಿದಾಗ ಅದು ಬಿಡುವ ದುರ್ಗಂಧವಂತೂ ದಿನಗಟ್ಟಲೆ ನಿಲ್ಲುತ್ತದೆ. ಅದರ ಜ್ಞಾತಿಯೊಂದರ ಗ್ರಂಥಿಯಿಂದ ಬರುವ ಪುನುಗು ದೇವರ ಸೇವೆಗೆ ಸಲ್ಲುತ್ತದೆ, ಸುಗಂಧ ದ್ರವ್ಯವೆಂದು ಬೆಲೆ ಬಾಳುತ್ತದೆ. ಗುಡಿಯಲ್ಲಿ ಪರಿಮಳ, ಅಟ್ಟದಲ್ಲಿ ನಾತ! ಈ ಒಕ್ಕಲು ಗೇಣಿ ಕೊಡುವುದಿಲ್ಲ. ಕೇರಳದಲ್ಲಿ 1970ರಲ್ಲಿ ಗೇಣಿ ಪದ್ಧತಿಯೇ ಅಳಿದ ಮೇಲೆ ಕೇಳುವಂತೆಯೂ ಇಲ್ಲ.

ಆದುದರಿಂದ ಇದನ್ನು ಕಳಿಸಬೇಕೆಂಬ ಬಯಕೆಯಲ್ಲಿ ದೋಷವನ್ನು ನಾವು ಕಾಣುವುದಿಲ್ಲ. ದೋಷವಿರುವುದಾದರೆ ಅದು ಕಳಿಸುವ ಬಗೆಯಲ್ಲಿರಬೇಕು.

ವಿಷವಿಡುವವರ ಮಾತನ್ನು ಬೇಗನೆ ಮುಗಿಸಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ಅಪರಾಧವೆನ್ನುತ್ತದೆ. ಕಾಯಿದೆಗೆ ಹೆದರದವರು ಕೂಡ, ವಿಷ ತಿಂದ ಪ್ರಾಣಿ ಅಟ್ಟದ ಮೂಲೆಯಲ್ಲೇ ಸತ್ತು ಕೊಳೆತಾಗ, ಇಲ್ಲವೆ ಅಂಗಳದ ನಾಯಿಯೇ ಆ ತುತ್ತನ್ನು ತಿಂದಾಗ, ತಾವೇ ಪಶ್ಚಾತ್ತಾಪ ಪಡುತ್ತಾರೆ. ನಮ್ಮನ್ನು ಕಾಡುವುದು ಎರಡನೆಯ ಉಪಾಯ: ಬಾಳೆಹಣ್ಣಿಟ್ಟು ಬೋನಿನಲ್ಲಿ ಹಿಡಿದು, ಗೋಣಿ ಮುಚ್ಚಿ, ಐದಾರು ಮೈಲಿ ದೂರದ ಗುಡ್ಡೆಯಲ್ಲಿ ಬಿಟ್ಟು ಬರುವುದು. ಹೀಗೆ ಮಾಡಿದವರು ಮನೆಗೆ ಬಂದು ಕೈಕಾಲು ತೊಳೆದು, ಒಂದು ಜೀವವನ್ನು ಉಳಿಸಿದೆವೆಂಬ ತೃಪ್ತಿಯಿಂದ ಊಟಕ್ಕೆ ಕೂರುತ್ತಾರೆ. ಈ ತೃಪ್ತಿಗೆ ಆಧಾರವಿದೆಯೆ?

ಒಮ್ಮೆ ತರಗತಿಯಲ್ಲಿ ದಯೆಯೆಂಬ ಗುಣಕ್ಕೆ ಉದಾಹರಣೆಯಾಗಿ ಇದೇ ಸಂಗತಿಯನ್ನು ಒಬ್ಬ ಹುಡುಗ ಹೇಳಿದನು. ತನ್ನ ತಂದೆ ಬೆಕ್ಕನ್ನು ಕೊಲ್ಲದೆ ಇಂಥ ಗುಡ್ಡೆಗೆ ಬಿಟ್ಟು ಬಂದರೆಂದು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, “ಮಾಷ್ಟ್ರೇ, ಆ ಗುಡ್ಡೆಯ ಬುಡದಲ್ಲೇ ನಮ್ಮ ಮನೆ” ಎಂದಳು. ಮಕ್ಕಳೆಲ್ಲ ನಕ್ಕರು. ತರಬೇತಿ ಶಾಲೆಯಲ್ಲಿ ನಮಗೆ ಕಲಿಸಿದ ನೀತಿಪಾಠದ ಕ್ರಮದಲ್ಲಿ ಇಂಥ ಪ್ರಶ್ನೆಗೆ ಉತ್ತರವಿರಲಿಲ್ಲ.

ಹುಡುಗಿಯ ಮನೆಯ ಮಾತು ಹಾಗಿರಲಿ. ಪ್ರಾಣಿಯ ಕಡೆಯಿಂದ ನೋಡಿದರೇನು? ಯಾವ ಮರ ಯಾವಾಗ ಹಣ್ಣು ಬಿಡುವುದು, ಯಾವ ಮನೆಯ ನಾಯಿ ಕಟ್ಟಿದೆ, ಯಾವುದು ಬಿಟ್ಟಿದೆ, ಹಗಲಿಗೆ ಅಡಗಲು ಪೊಟರೆಯೆಲ್ಲಿ ಎಂಬ ಜ್ಞಾನವೇ ಅದರ ಬದುಕು. ಗೋಣಿಯೊಳಗೆ ಕುಳಿತು ಬಂದ ಪ್ರಾಣಿಗೆ ಹೊಸ ಗುಡ್ಡೆಯಲ್ಲಿ ಈ ಜ್ಞಾನವಿಲ್ಲ. ಅಲ್ಲಿ ಮೊದಲೇ ನೆಲಸಿದ ಸ್ವಜಾತಿಯವರು ಸ್ವಾಗತಿಸುವವರೂ ಅಲ್ಲ. ಹಿಡಿದದ್ದು ತಾಯಿಯಾಗಿದ್ದರೆ ಅಟ್ಟದಲ್ಲಿ ಎರಡೋ ಮೂರೋ ಮರಿಗಳು ಹಸಿವಿನಿಂದ ಸಾಯುತ್ತವೆ. ಅವುಗಳ ಕೂಗು ಕೇಳಿಸುವುದು ಬೋನು ಹಿಂದಿರುಗಿ ಬಂದ ಮೇಲೆ. ಇತ್ತ ಹೆಂಚಿನ ಸಂದು, ಹಿತ್ತಿಲ ಹಲಸು ಇದ್ದಂತೆಯೇ ಇರುವುದರಿಂದ ತಿಂಗಳೊಳಗೆ ಇನ್ನೊಂದು ಬೆಕ್ಕು ಬಂದು ನೆಲಸುತ್ತದೆ. ಕಾಯಿದೆಯೂ ಇಲ್ಲಿ ನಮ್ಮ ಸಾಮಾನ್ಯ ಭಾವನೆಗಿಂತ ಸೂಕ್ಷ್ಮವಾಗಿದೆ: ಅದರ ಪ್ರಕಾರ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ, ಬೋನಿನಲ್ಲಿ ಹಿಡಿಯುವುದೂ ಬೇಟೆಯೇ.

ಅಮೆರಿಕದಲ್ಲಿ ಸ್ಕಂಕ್ ಎಂಬ ಕಪ್ಪು ಬಿಳುಪಿನ ಪ್ರಾಣಿಯುಂಟು. ಮನೆಗಳ ಜಗಲಿಯ ಅಡಿಯಲ್ಲಿ ಬಿಲ ಮಾಡುತ್ತದೆ. ಕೆಣಕಿದರೆ ಮೊದಲು ಮುಂಗಾಲಿನಿಂದ ನೆಲವನ್ನು ಗುದ್ದಿ, ಬಾಲವೆತ್ತಿ ಎಚ್ಚರಿಕೆ ಕೊಟ್ಟು, ಆಮೇಲೆ ಹತ್ತು ಅಡಿ ದೂರಕ್ಕೂ ದುರ್ಗಂಧದ ದ್ರವವನ್ನು ಚಿಮ್ಮಿಸುತ್ತದೆ. ಅಲ್ಲಿಯೂ ಜನರು ಹಿಡಿದು ಬೇರೆಡೆಗೆ ಬಿಡಲು ಹವಣಿಸುವುದುಂಟು. ಆದರೆ ಹುಚ್ಚುನಾಯಿ ರೋಗವು ಸ್ಕಂಕಿನಿಂದಲೂ ಹರಡುವುದಾದ್ದರಿಂದ ಹಲವು ರಾಜ್ಯಗಳು ಹಾಗೆ ಸಾಗಿಸುವುದನ್ನು ನಿಷೇಧಿಸಿವೆ. ಅವರು ರೋಗಭಯದಿಂದ ಮುಟ್ಟಿದ ನಿರ್ಣಯವನ್ನು ನಾವು ವಿಚಾರದಿಂದ ಮುಟ್ಟಬಾರದೆ?

1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದ ವ್ಯಾಧಿಯಿಂದ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿ ಮರಣವನ್ನು ಕೊಡಿಸಿದುದು ದೊಡ್ಡ ವಾದಕ್ಕೆ ಕಾರಣವಾಯಿತು. ಅದೇ ಸಂದರ್ಭದಲ್ಲಿ ಅವರು ಆಶ್ರಮದ ಬೆಳೆಯನ್ನು ಹಾಳುಮಾಡುವ ಕೋತಿಗಳ ಪ್ರಶ್ನೆಯನ್ನೂ ಎತ್ತಿಕೊಂಡು, ಎರಡರ ನಡುವೆ ಗೆರೆ ಎಳೆದರು. ಕರುವಿನ ವಿಷಯದಲ್ಲಿ ಯೋಚಿಸಿದ್ದು ಕರುವಿನ ಹಿತವನ್ನು. ಕೋತಿಗಳ ವಿಷಯದಲ್ಲಿ ಯೋಚಿಸುವುದು ನಮ್ಮ ಹಿತವನ್ನು. ಆದ್ದರಿಂದ ಎರಡನೆಯದನ್ನು ಹಿಂಸೆಯೆಂದೇ ಕರೆಯಬೇಕೆಂಬುದು ಅವರ ಅಭಿಪ್ರಾಯ. ಬೋನಿನ ವಿಷಯದಲ್ಲಿ ಈ ಪ್ರಾಮಾಣಿಕತೆಯೇ ನಮ್ಮಲ್ಲಿ ಕಾಣದಾಗಿದೆ. ಮಾಡುವುದು ನಮ್ಮ ನಿದ್ರೆಗಾಗಿ. ಲೆಕ್ಕ ಬರೆಯುವುದು ಪ್ರಾಣಿದಯೆಯ ಖಾತೆಯಲ್ಲಿ.

ತಾಳಮದ್ದಳೆಯ ಕೂಟಗಳಲ್ಲಿ ಕುಳಿತವರಿಗೆ ಖಾಂಡವದಹನದ ಕಥೆ ಗೊತ್ತು. ಕಾಡು ಉರಿದು, ಅದರ ಬೆಂಕಿಯಿಂದ ಉಳಿದು ಬಂದ ಮಯನು ಪಾಂಡವರಿಗೆ ಸಭೆಯನ್ನು ಕಟ್ಟಿಕೊಟ್ಟನು. ಬೆಂಕಿಯಿಂದ ಪಾರಾದ ತಕ್ಷಕನ ಮಗ ಅಶ್ವಸೇನನು ಬಹುಕಾಲದ ಮೇಲೆ ಕರ್ಣನ ಬಾಣವಾಗಿ ತಿರುಗಿ ಬಂದನು. ಅರ್ಜುನನ ಪಾತ್ರ ವಹಿಸುವ ಅರ್ಥಧಾರಿಗೆ ಅಗ್ನಿಗೆ ಕೊಟ್ಟ ಮಾತು, ಕ್ಷತ್ರಿಯಧರ್ಮ ಮೊದಲಾದ ಸಮರ್ಥನೆಗಳಿಗೆ ಕೊರತೆಯಿಲ್ಲ. ಆದರೆ ಅಶ್ವಸೇನನಿಗೆ ಮಾತು ಸಿಕ್ಕಿದಾಗ ಅವನ ಒಂದೇ ಪ್ರಶ್ನೆ, ತನ್ನ ತಾಯಿ ಮಾಡಿದ ಅಪರಾಧವೇನೆಂಬುದು, ಆ ಸಮರ್ಥನೆಗಳನ್ನೆಲ್ಲ ಅಲುಗಿಸಬಲ್ಲದು. ನಮ್ಮ ಊರಿನ ಪೊಟರೆಯುಳ್ಳ ಹಳೆಯ ಮಾವು, ಹಲಸು, ತಾಳೆಗಳು ಉರುಳಿ ರಬ್ಬರು ಬಂದ ಕಡೆಗಳಲ್ಲಿ, ಮೊದಲು ಮನೆ ಕಳೆದುಕೊಂಡವರು ಯಾರೆಂಬುದನ್ನೂ ಈ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.

ಹಾಗಾದರೆ ನಾತವನ್ನು ಸಹಿಸಿಕೊಂಡೇ ಇರಬೇಕೆ? ಕಾಂಕ್ರೀಟು ಮನೆ ಕಟ್ಟಿಕೊಂಡ, ಅಟ್ಟವೇ ಇಲ್ಲದ ಮಹನೀಯರು ಹಾಗೆಂದು ಉಪದೇಶಿಸುವುದನ್ನು ನಾವು ಕೇಳಿದ್ದೇವೆ. ಅವರ ಮಾತಿಗೆ ನಾವು ಬೆಲೆ ಕೊಡುವುದಿಲ್ಲ. ತನ್ನ ಬಾಗಿಲನ್ನು ಮುಚ್ಚಿಕೊಳ್ಳುವ ಹಕ್ಕು ಮನೆಯವನಿಗೆ ಪೂರ್ಣವಾಗಿ ಇದೆ. ‘ಇಲ್ಲಿ ಬೇಡ’ ಎಂದು ಹೇಳುವ ಹಕ್ಕು ಅದು. ‘ಎಲ್ಲಿಯಾದರೂ ಹೋಗಿ ಸಾಯಿ’ ಎನ್ನುವುದು ಅದರೊಳಗೆ ಸೇರುವುದಿಲ್ಲ. ಬಾಗಿಲು ಮುಚ್ಚಿದಾಗ ಪ್ರಾಣಿ ತಾನು ಬಲ್ಲ ಮರಗಳ ನಡುವೆಯೇ ಉಳಿಯುತ್ತದೆ, ಬೇರೊಂದು ತಾಣವನ್ನು ತಾನೇ ಹುಡುಕಿಕೊಳ್ಳುತ್ತದೆ. ಆ ತಾಣವು ನೆರೆಯವರ ಅಟ್ಟವೇ ಆಗಲೂಬಹುದು. ಆದರೆ ಅವರಿಗೂ ತಮ್ಮ ಬಾಗಿಲುಂಟು. ನಾವು ರಾತ್ರಿಯಲ್ಲಿ ಗುಟ್ಟಾಗಿ ತಂದು ಸುರಿದುದಲ್ಲವಷ್ಟೆ.

ಈ ಮುಚ್ಚುವ ಕೆಲಸ ಬೇಸರದ್ದು. ಮಾಡಿಗೆ ತಾಗುವ ಕೊಂಬೆಗಳನ್ನು ಕಡಿಸಬೇಕು. ಹಣ್ಣಾದ ಹಲಸನ್ನು ಮರದಲ್ಲಿ ಬಿಡದೆ ಇಳಿಸಬೇಕು. ಅದು ಯಾವ ಸಂದಿನಿಂದ ಹೊರಡುವುದೆಂದು ನಾಲ್ಕಾರು ಸಂಜೆ ಅಂಗಳದಲ್ಲಿ ಕುಳಿತು ನೋಡಬೇಕು. ಅಟ್ಟದಲ್ಲಿ ದೀಪವನ್ನು ಉರಿಯಗೊಟ್ಟರೆ ಕತ್ತಲೆಯನ್ನು ನಂಬಿದ ಪ್ರಾಣಿಗೆ ಅಲ್ಲಿ ಹಗಲಿನ ನಿದ್ರೆ ಕಷ್ಟವಾಗುತ್ತದೆ. ಮರಿಗಳಿಲ್ಲವೆಂದು ಖಚಿತವಾದ ಮೇಲೆ, ಅದು ಹೊರಹೋದ ರಾತ್ರಿಯೇ ಹೆಂಚು ಹೊದೆಸಿ, ಸೂರಿನ ಸಂದುಗಳಿಗೆ ತಂತಿಬಲೆ ಬಡಿಯಬೇಕು. ಮಾಡಿಗೆ ಹತ್ತುವ ಆಳಿನ ಕೂಲಿ, ಹೆಂಚಿನ ಬೆಲೆ ಇವು ಬಡವನಿಗೆ ಹಗುರವಾದುವಲ್ಲ, ಬೋನು ಅಗ್ಗ. ಅಗ್ಗವಾದುದರಿಂದಲೇ ಅದಕ್ಕೆ ದಯೆಯ ಹೆಸರು ಬೇಗ ಅಂಟಿಕೊಂಡಿತೇನೋ.

ಎಲ್ಲಕ್ಕೂ ಕಷ್ಟವಾದುದು ಮರಿಗಳಿರುವಾಗಿನ ಸ್ಥಿತಿ. ಅವು ತಾಯಿಯ ಹಾಲು ಬಿಡಲು ಸುಮಾರು ಎರಡು ತಿಂಗಳು ಬೇಕು. ನಮಗೆ ತಿಳಿದ ಒಂದು ಮನೆಯಲ್ಲಿ, ಮಳೆಗಾಲಕ್ಕೆ ಮೊದಲು ಹೆಂಚು ಸರಿಪಡಿಸಲೆಂದು ಹತ್ತಿದ ಆಳು, ಕಣ್ಣು ಬಿಡದ ಮೂರು ಮರಿಗಳನ್ನು ಕಂಡು ಇಳಿದು ಬಂದನು. ಮನೆಯೊಡತಿ ಅಂದಿನ ಕೂಲಿಯನ್ನು ಕೊಟ್ಟು ಕಳಿಸಿ, ಮುಚ್ಚಿಗೆಯ ಅಡಿಗೆ ಟಾರ್ಪಾಲು ಕಟ್ಟಿಸಿ, ಮಕ್ಕಳ ಹಾಸಿಗೆಯನ್ನು ಚಾವಡಿಗೆ ತಂದರು. ಮನೆಯ ಅಜ್ಜಿ ದಿನವೂ ಗೊಣಗಿದರು. ಅವರ ಗೊಣಗಾಟ ನ್ಯಾಯವಾದುದೇ ಆಗಿತ್ತು. ಆಳು ಹತ್ತಿ ಇಳಿದುದರಿಂದ ತಾಯಿಗೆ ಶಂಕೆ ಹುಟ್ಟಿರಬೇಕು, ಎರಡು ವಾರ ಕಳೆಯುವಷ್ಟರಲ್ಲಿ ಒಂದೊಂದೇ ಮರಿಯನ್ನು ಕತ್ತಿನಲ್ಲಿ ಕಚ್ಚಿಕೊಂಡು ಎಲ್ಲಿಗೋ ಸಾಗಿಸಿತು. ಮೂರನೆಯದನ್ನು ಒಯ್ದ ಬಳಿಕವೂ ಆಕೆ ಎರಡು ರಾತ್ರಿ ಕಾದು, ಆಮೇಲೆ ಆಳನ್ನು ಕರೆಸಿದರು. ಅಷ್ಟರಲ್ಲಿ ಮೊದಲ ಮಳೆ ಬಂದು ಚಾವಡಿಯ ಒಂದು ಮೂಲೆ ನೆನೆದಿತ್ತು.