12ನೇ ಕಾಲಂ

2024ರ ಮೇ ತಿಂಗಳ ಒಂದು ಬೆಳಿಗ್ಗೆ, ಸ್ಟ್ಯಾಂಡಪ್ ಮೀಟಿಂಗ್ ನಡೆಯುತ್ತಿರುವಾಗಲೇ ಫೋನಿಗೆ ಬ್ಯಾಂಕಿನ ಮೆಸೇಜ್ ಬಂತು. ಬರ ಪರಿಹಾರ. ಜನವರಿಯಲ್ಲಿ ಮೊದಲ ಕಂತು ಅಂತ 2,000 ರೂಪಾಯಿ ಬಂದಿತ್ತು. ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, ಕೇಂದ್ರ ಹಣ ಬಿಟ್ಟ ಮೇಲೆ ಈಗ ಉಳಿದದ್ದು. ಎರಡೂ ಸೇರಿ 13,000 ಚಿಲ್ಲರೆ. ಚಳ್ಳಕೆರೆ ಕಡೆ ನನ್ನ ಹೆಸರಲ್ಲಿರುವ ನಾಲ್ಕು ಎಕರೆ ಖುಷ್ಕಿ ಹೊಲದಲ್ಲಿ ಹಿಂದಿನ ಮುಂಗಾರಿನ ಶೇಂಗಾ ಒಣಗಿಹೋಗಿದ್ದಕ್ಕೆ.

ಆ ವರ್ಷ ನಾನು ಆ ಹೊಲಕ್ಕೆ ಕಾಲಿಟ್ಟಿದ್ದು ಒಂದೇ ಸಲ, ಅದೂ ದೀಪಾವಳಿಗೆ ಹೋದಾಗ.

ಊಟದ ಹೊತ್ತಲ್ಲಿ ವಿಷಯ ಬಂತು. ಟೀಮಿನ ಗೆಳೆಯ ಕೇಳಿದ: "ಇನ್ಶೂರೆನ್ಸ್ ಮಾಡಿಸಿರಲಿಲ್ವಾ? ಮಾಡಿಸದವರಿಗೆ ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಯಾಕೋ ಕೊಡ್ಬೇಕು? ಹಿಂಗೆ ಕೊಡ್ತಾ ಹೋದ್ರೆ ಪ್ರೀಮಿಯಂ ಕಟ್ಟೋರು ಯಾರು?" ತಳ್ಳಿಹಾಕುವ ಪ್ರಶ್ನೆಯೇನಲ್ಲ. ಫಸಲ್ ಬಿಮಾದಲ್ಲಿ ಮುಂಗಾರಿನ ಎಣ್ಣೆಕಾಳಿಗೆ ರೈತ ಕಟ್ಟಬೇಕಾದ್ದು ವಿಮಾ ಮೊತ್ತದ 2% ಅಷ್ಟೇ.

ನಾನು ಹಳ್ಳಿಯವನೆಂಬ ಗತ್ತಿನಲ್ಲಿ ವಾದಕ್ಕಿಳಿದೆ. ವಿಮೆ ಒಬ್ಬೊಬ್ಬನ ಹೊಲ ನೋಡಿ ಕೊಡೋದಲ್ಲ, ಪಂಚಾಯಿತಿಗೋ ಹೋಬಳಿಗೋ ಒಂದು ಸರಾಸರಿ ಇಳುವರಿ ಹಿಡಿದು ಕೊಡೋದು ಅಂದೆ. ಇನ್ನು ಪರಿಹಾರ ಅಂತ ಕೊಡೋದಾದರೂ ಎಷ್ಟು? ಖುಷ್ಕಿಗೆ ಹೆಕ್ಟೇರಿಗೆ 8,500, ಅದೂ ಎರಡು ಹೆಕ್ಟೇರಿನ ಮಿತಿ. ಎಕರೆಗೆ 3,400 ಚಿಲ್ಲರೆ ಬೀಳುತ್ತೆ, ಶೇಂಗಾ ಬೀಜದ ಖರ್ಚಿಗೂ ಸಾಲಲ್ಲ. ಸರ್ಕಾರಿ ಭಾಷೆಯಲ್ಲೇ ಇದರ ಹೆಸರು ಇನ್‌ಪುಟ್ ಸಬ್ಸಿಡಿ. ವಿಮೆ 'ಕಟ್ಟಿದ್ದೀಯಾ' ಅಂತ ಕೇಳುತ್ತೆ, ಪರಿಹಾರ 'ಕಳಕೊಂಡಿದ್ದೀಯಾ' ಅಂತ ಕೇಳುತ್ತೆ, ಎರಡನ್ನೂ ಬೆರೆಸಬೇಡ ಅಂದೆ. ಚೆನ್ನಾಗೇ ಮಾತಾಡಿದೆ ಅನ್ನಿ.

ಸೀಟಿಗೆ ಬಂದು ಕೂತ ಮೇಲೆ ಮುಜುಗರ ಶುರುವಾಯ್ತು. ಕಳಕೊಂಡಿದ್ದು ಯಾರು? ನಮ್ಮ ಹೊಲವನ್ನ ವಾರಕ್ಕೆ ಮಾಡೋರು ಬೇರೆಯವರು. ನಾನು ಅವರನ್ನ ಮಾವ ಅಂತೀನಿ. ಬೀಜ ಅವರದ್ದು, ಗೊಬ್ಬರ ಅವರದ್ದು, ಬೆಳೆದದ್ದರಲ್ಲಿ ಅರ್ಧ ನಮಗೆ. ವಿಮೆ ಮಾಡಿಸೋಕೆ ಬೇಕಾದ ಕಾಗದ ಅವರ ಹತ್ತಿರ ಇಲ್ಲ. ಕಾಗದ ಇರೋದು ನನ್ನ ಹತ್ತಿರ. ಕಾರಿನ ಇನ್ಶೂರೆನ್ಸನ್ನು ಒಂದು ದಿನವೂ ತಪ್ಪದೆ ರಿನ್ಯೂ ಮಾಡುವ ನನಗೆ ಬೆಳೆ ವಿಮೆಯ ಕೊನೇ ದಿನ ನೆನಪೇ ಆಗಲಿಲ್ಲ. ಗೆಳೆಯ ಬೈದ ಆ ಬೇಜವಾಬ್ದಾರಿ ರೈತ ನಾನೇ.

ಡೇಟಾಬೇಸ್ ಕೆಲಸ ಮಾಡೋನು ನಾನು. ಸಿಸ್ಟಮ್ಮಿನದೇ ತಪ್ಪು, ಉಳುವವನಿಗೆ ಅಲ್ಲಿ ಕಾಲಮ್ಮೇ ಇಲ್ಲ ಅಂತ ಕೈತೊಳೆದುಕೊಳ್ಳೋಣ ಅಂದರೆ, ಇದೆ. ಪಹಣಿಯ 9ನೇ ಕಾಲಂ ಮಾಲೀಕನಿಗೆ, 12ನೇ ಕಾಲಂ ಸಾಗುವಳಿ ಮಾಡುವವನಿಗೆ. ನಮ್ಮದರಲ್ಲಿ ಎರಡೂ ಕಡೆ ನಾವೇ. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಜಮೀನು ಹೋದದ್ದನ್ನು ಹುಡುಗನಾಗಿದ್ದಾಗ ಕಂಡ ಅಪ್ಪ, ಆ ಕಾಲಮ್ಮಿಗೆ ಬೇರೆ ಹೆಸರು ಬರದ ಹಾಗೆ ಇಷ್ಟು ವರ್ಷ ಕಾದುಕೊಂಡು ಬಂದಿದ್ದಾರೆ. ಗೇಣಿಯನ್ನೇ ಕಾನೂನು ನಿಷೇಧಿಸಿದ ಮೇಲೆ ಒಪ್ಪಂದವೆಲ್ಲ ಬಾಯಿಮಾತಲ್ಲೇ. ಉಳುವವನಿಗೆ ಭೂಮಿ ಕೊಡೋಕೆ ಬಂದ ಕಾನೂನು ಈಗ ಉಳುವವನನ್ನೇ ಮರೆಮಾಡಿ ಕೂತಿದೆ. ನಾವೂ ಅದರ ಹಿಂದೆ ನೆಮ್ಮದಿಯಾಗಿದ್ದೀವಿ.

ಅವತ್ತೇ ಪೂರ್ತಿ ಹಣವನ್ನ ಮಾವನ ಮಗನ ನಂಬರಿಗೆ ಫೋನ್‌ಪೇ ಮಾಡಿದೆ. ಸಂಜೆ ಮಾವ ಫೋನ್ ಮಾಡಿದರು. "ಏನಪ್ಪಾ ಇದು? ವಾರ ಅಂದ್ಮೇಲೆ ಅರ್ಧ ನಿಮ್ದಲ್ವಾ? ಬೆಳೆ ಬಂದಿದ್ರೆ ತಗೊಳ್ತಿರ್ಲಿಲ್ವಾ?" ತಗೊಳ್ತಿದ್ದೆ. ಅರ್ಧ ವಾಪಸ್ ಬಂತು.

ಅವರ ಲೆಕ್ಕದಲ್ಲಿ ನಷ್ಟವೂ ಸಮಪಾಲು. ನಂಗದು ಒಪ್ಪಿಗೆಯಾಗಲಿಲ್ಲ. ಇನ್‌ಪುಟ್ ಸಬ್ಸಿಡಿ ಅಂತ ಹೆಸರಿಟ್ಟ ಹಣ, ನಾನು ಆ ಹೊಲಕ್ಕೆ ಹಾಕಿದ ಇನ್‌ಪುಟ್ ಏನು? ಮುಂದಿನ ಬೀಜಕ್ಕೆ ನನ್ನ ಪಾಲು ಅಂತ ಹೇಳಿ ಮತ್ತೆ ಕಳಿಸಿದೆ. ಆಗ ಇಟ್ಟುಕೊಂಡರು. ಜುಲೈನಲ್ಲಿ ವಿಮೆಯನ್ನೂ ಕಟ್ಟಿದೆ. ಏನಾದರೂ ಬಂದರೆ ಅದು ಬರೋದೂ ನನ್ನ ಅಕೌಂಟಿಗೇ.

ಹಬ್ಬಕ್ಕೆ ಊರಿಗೆ ಹೋದಾಗ 12ನೇ ಕಾಲಮ್ಮಿನ ಮಾತೆತ್ತಿದೆ. ಅಪ್ಪ ಏನೂ ಅನ್ನದೆ ಎದ್ದು ದನಕ್ಕೆ ನೀರು ಕುಡಿಸೋಕೆ ಹೋದರು. ನಾನೂ ಮತ್ತೆ ಕೇಳಿಲ್ಲ.