ಸೋಲುಂಡ ಊರು, ಫಲವುಂಡ ಊರು

ನಮ್ಮ ದರ್ಶನಕಾರರು ಪರಮತಖಂಡನೆಗೆ ತೊಡಗಿದಾಗ ಎದುರಾಳಿಯ ಮೇಲೆ ಹೊರಿಸುತ್ತಿದ್ದ ಆಪಾದನೆಗಳಲ್ಲಿ ಅತಿ ತೀಕ್ಷ್ಣವಾದ ಜೋಡಿಯೊಂದುಂಟು: ಕೃತನಾಶ ಮತ್ತು ಅಕೃತಾಭ್ಯಾಗಮ. ಮಾಡಿದವನಿಗೆ ಮಾಡಿದುದರ ಫಲ ದೊರೆಯದೆ ಹೋಗುವುದು ಮೊದಲನೆಯ ದೋಷ. ಏನನ್ನೂ ಮಾಡದವನ ಪಾಲಿಗೆ ಅದೇ ಫಲ ಬಂದು ಬೀಳುವುದು ಎರಡನೆಯದು. ಸ್ಥಿರವಾದ ಆತ್ಮವೆಂಬುದಿಲ್ಲ, ಇರುವುದೆಲ್ಲ ಕ್ಷಣಿಕವೆನ್ನುವ ಬೌದ್ಧರನ್ನು ಕುರಿತು ನೈಯಾಯಿಕರೂ ಜೈನಾಚಾರ್ಯರೂ ಕೇಳಿದ ಪ್ರಶ್ನೆ ಇದೇ ಆಗಿತ್ತು: ನಿನ್ನೆ ಕರ್ಮವನ್ನು ಮಾಡಿದವನು ಇಂದು ಇಲ್ಲವಾದರೆ, ಇಂದು ಅದರ ಫಲವನ್ನು ಉಣ್ಣುತ್ತಿರುವವನು ಯಾರು? ಇಂಥ ಅವ್ಯವಸ್ಥೆಗೆ ಎಡೆಗೊಡುವ ಮತವು ಅಷ್ಟರಿಂದಲೇ ತ್ಯಾಜ್ಯವೆಂಬುದು ಅವರ ನಿಶ್ಚಯ. ಆದರೆ ತರ್ಕದಲ್ಲಿ ಸಹಿಸಲಾಗದ ಈ ಜೋಡಿದೋಷವು ಲೋಕದಲ್ಲಿ ತೇದಿ ಅಂಕಿಗಳ ಸಹಿತವಾಗಿ, ಸಹಸ್ರಾರು ಜನರ ಕಣ್ಣೆದುರಿನಲ್ಲಿ, ನ್ಯಾಯಾಲಯದ ಸಾಕ್ಷ್ಯದೊಡನೆ ನಡೆದುಹೋದ ಪ್ರಸಂಗವೊಂದಿದೆ. ಅದು ನಡೆದುದು ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ನಗರದಲ್ಲಿ, 2007-08ರ ಕ್ರೀಡಾವರ್ಷದಲ್ಲಿ. ಆಟದ ಮಾತನ್ನು ಧರ್ಮವಿಚಾರಕ್ಕೆ ಎಳೆದು ತರುವುದು ಅತಿರೇಕವೆಂದು ಕೆಲವರಿಗೆ ತೋರಬಹುದು. ಜನರು ಎಲ್ಲಿ ಕೂಡಿ ಆಶೆಪಡುತ್ತಾರೆಯೋ ಅಲ್ಲಿ ಧರ್ಮವಿಚಾರ ತಾನಾಗಿಯೇ ಬಂದು ಕೂಡುತ್ತದೆಂಬುದು ನನ್ನ ಎಣಿಕೆ.

ಸಿಯಾಟಲ್ ಸೂಪರ್‌ಸಾನಿಕ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡವು 1967ರಲ್ಲಿ ಹುಟ್ಟಿತು. ಅದು ಬೋಯಿಂಗ್ ಕಂಪೆನಿ ವಿಮಾನಗಳನ್ನು ಕಟ್ಟುತ್ತಿದ್ದ ಊರಾದುದರಿಂದ, ಶಬ್ದವನ್ನು ಮೀರಿದ ವೇಗದಲ್ಲಿ ಹಾರತಕ್ಕ ವಿಮಾನವೊಂದರ ಯೋಜನೆಯ ಅಭಿಮಾನದಿಂದ ತಂಡಕ್ಕೆ ಆ ಹೆಸರು ಬಂದಿತು. ಆ ವಿಮಾನವು ಕಡೆಗೂ ಹಾರಲಿಲ್ಲ. ತಂಡವು ಮಾತ್ರ ನಲವತ್ತೊಂದು ವರ್ಷ ಅಲ್ಲಿ ಆಡಿತು. 1978ರ ಅಂತಿಮ ಸರಣಿಯ ಏಳನೆಯ ಪಂದ್ಯವನ್ನು ತನ್ನ ಊರಿನಲ್ಲಿಯೇ ವಾಷಿಂಗ್ಟನ್ನಿನ ತಂಡಕ್ಕೆ ಸೋತು, ಮರುವರ್ಷ ಅದೇ ತಂಡವನ್ನು ಸೋಲಿಸಿ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಎನ್‌ಬಿಎಯ ಪಟ್ಟವನ್ನು ಪಡೆಯಿತು. ಆಗಿನ ತರಬೇತುದಾರ ಲೆನ್ನಿ ವಿಲ್ಕೆನ್ಸ್ ಹಿಂದೆ ಅದೇ ತಂಡದ ಆಟಗಾರನಾಗಿದ್ದವನು. 1996ರಲ್ಲಿ ಗ್ಯಾರಿ ಪೇಟನ್, ಶಾನ್ ಕೆಂಪ್ ಮೊದಲಾದವರ ಬಲದಿಂದ ಮತ್ತೊಮ್ಮೆ ಅಂತಿಮ ಸರಣಿಯನ್ನು ಮುಟ್ಟಿ, ಮೈಕೆಲ್ ಜೋರ್ಡನ್ನನ ಷಿಕಾಗೋ ತಂಡದೆದುರು ಸೋತಿತು. ಒಂದು ಗೆಲುವು, ಅದರ ಹಿಂದೆ ಮುಂದೆ ಹಲವು ನಿರಾಶೆಗಳು: ಯಾವ ಊರಿನ ಕ್ರೀಡಾಚರಿತ್ರೆಯಾದರೂ ಹೆಚ್ಚುಕಡಮೆ ಹೀಗೆಯೇ ಇರುತ್ತದೆ.

ತಂಡವು ಕೈಬದಲಾದ ಕಥೆಯನ್ನು ವಿಸ್ತರಿಸಬೇಕಾದುದಿಲ್ಲ. ಸ್ಟಾರ್‌ಬಕ್ಸ್ ಕಾಫಿ ಸಂಸ್ಥೆಯ ಹೊವರ್ಡ್ ಷುಲ್ಟ್ಸ್ 2001ರಲ್ಲಿ ಕೊಂಡಿದ್ದ ತಂಡವನ್ನು 2006ರಲ್ಲಿ ಓಕ್ಲಹೋಮಾ ಸಿಟಿಯ ಕ್ಲೇ ಬೆನೆಟ್ ಮತ್ತು ಅವನ ಸಂಗಡಿಗರಿಗೆ 35 ಕೋಟಿ ಡಾಲರಿಗೆ ಮಾರಿದನು. ನಗರದ ಕೀ ಅರೀನಾ ಕ್ರೀಡಾಂಗಣವು 1995ರಲ್ಲಿಯೇ ನವೀಕರಣಗೊಂಡಿದ್ದರೂ ಹತ್ತು ಹನ್ನೆರಡು ವರ್ಷಗಳಲ್ಲಿ ಅದು ಸಾಲದೆಂಬ ಮಾತು ಹೊರಟಿತು. ಸಾರ್ವಜನಿಕ ಹಣವನ್ನು ಲಾಭವಿಲ್ಲದೆ ಕ್ರೀಡಾಸಂಸ್ಥೆಗಳಿಗೆ ಸುರಿಯಕೂಡದೆಂದು 2006ರ ನವೆಂಬರಿನಲ್ಲಿ ನಗರದ ಮತದಾರರು ಬಹುಮತದಿಂದ ತೀರ್ಮಾನಿಸಿದರು. ಹೊರವಲಯದ ರೆಂಟನ್ನಿನಲ್ಲಿ 50 ಕೋಟಿ ಡಾಲರಿನ ಹೊಸ ಕ್ರೀಡಾಂಗಣವನ್ನು ಕಟ್ಟಬೇಕೆಂಬ ಬೆನೆಟ್ಟನ ಪ್ರಸ್ತಾಪಕ್ಕೆ 2007ರಲ್ಲಿ ರಾಜ್ಯದ ಶಾಸನಸಭೆ ಒಲಿಯಲಿಲ್ಲ. ಆ ಮತದಾರರು ಮಾಡಿದುದು ತಪ್ಪೆಂದು ನನಗೆ ತೋರುವುದಿಲ್ಲ. ತನ್ನ ಪ್ರೀತಿಗೆ ಇಂತಿಷ್ಟೆಂದು ಬೆಲೆ ಕಟ್ಟಿ ಕೇಳುವವನ ಮುಂದೆ ಬೊಕ್ಕಸವನ್ನು ತೆರೆಯದಿರುವುದು ಪೌರಧರ್ಮವೇ ಸರಿ. ಇಷ್ಟರಲ್ಲಿ ಸಹಮಾಲೀಕನೊಬ್ಬನು, ತಂಡವನ್ನು ಸಿಯಾಟಲಿನಲ್ಲಿಯೇ ಇರಿಸುವುದಕ್ಕಾಗಿ ನಾವು ಕೊಂಡವರಲ್ಲ ಎಂಬರ್ಥದ ಮಾತನ್ನು ಪತ್ರಿಕೆಯ ಮುಂದೆ ಆಡಿಬಿಟ್ಟುದರಿಂದ ಎನ್‌ಬಿಎ ಅವನಿಗೆ ಎರಡೂವರೆ ಲಕ್ಷ ಡಾಲರ್ ದಂಡ ಹಾಕಿತು. ನಿಜವನ್ನಾಡಿದುದಕ್ಕೆ ತೆತ್ತ ದಂಡಗಳಲ್ಲಿ ಇದನ್ನೂ ಎಣಿಸಬಹುದು. 2007ರ ನವೆಂಬರಿನಲ್ಲಿ, ಕ್ರೀಡಾವರ್ಷವು ಆಗತಾನೆ ಆರಂಭವಾಗಿರುವಾಗ, ಊರು ಬಿಡಲು ಅನುಮತಿ ಬೇಡುವ ಅರ್ಜಿ ಸಲ್ಲಿಕೆಯಾಯಿತು.

ಹೀಗೆ ಹೊರಡಲು ಗಂಟು ಕಟ್ಟಿಕೊಂಡ ತಂಡವು ಆ ವರ್ಷ ಆಡಿದ ಆಟದ ವಿವರ ಇದು. ಹಿಂದಿನ ಬೇಸಗೆಯಲ್ಲಿಯೇ ರೇ ಆಲೆನ್ನನನ್ನು ಬಾಸ್ಟನ್ನಿಗೂ ರಷಾರ್ಡ್ ಲೂಯಿಸನನ್ನು ಒರ್ಲಾಂಡೋವಿಗೂ ಬಿಟ್ಟುಕೊಟ್ಟು, ಹತ್ತೊಂಬತ್ತು ವರ್ಷದ ಕೆವಿನ್ ಡುರಾಂಟನ ಹೆಗಲಿಗೆ ಭಾರವೆಲ್ಲವನ್ನೂ ಹೊರಿಸಲಾಗಿತ್ತು. ಮೊದಲ ಎಂಟು ಪಂದ್ಯಗಳೂ ಸೋಲು. 2008ರ ಮಾರ್ಚ್ 16ರಂದು ಡೆನ್ವರಿನಲ್ಲಿ 168ಕ್ಕೆ 116 ಅಂಕಗಳ ಸೋಲು. ಐವತ್ತೆರಡು ಅಂಕಗಳ ಅಂತರ. ವರ್ಷವು ಮುಗಿದಾಗ ಎಂಬತ್ತೆರಡು ಪಂದ್ಯಗಳಲ್ಲಿ ಗೆದ್ದುದು 20, ಸೋತುದು 62. ನಲವತ್ತೊಂದು ವರ್ಷಗಳಲ್ಲಿ ಅಷ್ಟು ಕೀಳಾದ ಫಲಿತಾಂಶವು ಬಂದಿರಲಿಲ್ಲ. ಡುರಾಂಟನು ಪಂದ್ಯವೊಂದಕ್ಕೆ ಸರಾಸರಿ ಇಪ್ಪತ್ತಕ್ಕೂ ಮಿಕ್ಕಿ ಅಂಕ ಗಳಿಸಿ ವರ್ಷದ ಶ್ರೇಷ್ಠ ಹೊಸ ಆಟಗಾರನೆನಿಸಿದನು. ರೇ ಆಲೆನ್ನನು ಹೋಗಿ ಸೇರಿದ ಬಾಸ್ಟನ್ ತಂಡವು ಅದೇ ವರ್ಷ ಪಟ್ಟವನ್ನು ಗೆದ್ದಿತು.

ಸೋಲುವ ತಂಡದ ಅಭಿಮಾನಿಯನ್ನು ಕಾಪಾಡುವುದು ಯಾವುದು? ಬರುವ ವರ್ಷವೆಂಬ ಶ್ರದ್ಧೆ. ಅದು ಪುನರ್ಜನ್ಮದ ಶ್ರದ್ಧೆಗೆ ಬಹು ಹತ್ತಿರವಾದುದು: ಈ ಜನ್ಮದಲ್ಲಿ ತೀರದ ಲೆಕ್ಕವು ಮುಂದಿನ ಜನ್ಮದಲ್ಲಿ ತೀರುತ್ತದೆಂಬ ಭರವಸೆಯಿಂದಲೇ ಈ ಜನ್ಮದ ಕಷ್ಟವು ಸಹ್ಯವಾಗುತ್ತದೆ. ಅಮೆರಿಕದ ಈ ಆಟದಲ್ಲಂತೂ ಆ ಶ್ರದ್ಧೆಗೆ ಕಾನೂನಿನ ಆಧಾರವೇ ಉಂಟು. ಹೊಸ ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟಿನಲ್ಲಿ, ಹೆಚ್ಚು ಸೋತವರಿಗೆ ಮೊದಲು ಆರಿಸಿಕೊಳ್ಳುವ ಅವಕಾಶ ಹೆಚ್ಚಾಗಿ ಬರುವಂತೆ ಲಾಟರಿಯ ಚೀಟಿಗಳನ್ನು ಹೊಂದಿಸಿರುತ್ತಾರೆ. ಅಂದರೆ ಸೋಲು ಅಲ್ಲಿ ವ್ಯರ್ಥವಲ್ಲ. ಅದು ಒಂದು ಬಗೆಯ ಸಂಚಿತ. ಮೀಮಾಂಸಕರು, ಯಜ್ಞವು ಮುಗಿದುಹೋದರೂ ಅದರಿಂದ ಹುಟ್ಟಿದ ಅಪೂರ್ವವೆಂಬ ಅದೃಷ್ಟಶಕ್ತಿಯು ಉಳಿದಿದ್ದು ಕಾಲಾಂತರದಲ್ಲಿ ಫಲವನ್ನು ಕೊಡುತ್ತದೆಂದು ಹೇಳುವರಷ್ಟೆ. ಸಿಯಾಟಲಿನ ಜನರು ಅರುವತ್ತೆರಡು ಸೋಲುಗಳನ್ನು ಉಂಡು ಇಂಥ ಅಪೂರ್ವವೊಂದನ್ನು ಸಂಪಾದಿಸಿದರು. ಅದಕ್ಕೆ ಪ್ರತಿಯಾಗಿ 2008ರ ಜೂನ್ 26ರಂದು ಸಿಯಾಟಲಿನ ಹೆಸರಿನಲ್ಲಿಯೇ, ನಾಲ್ಕನೆಯ ಆಯ್ಕೆಯಾಗಿ, ರಸೆಲ್ ವೆಸ್ಟ್‌ಬ್ರೂಕನನ್ನು ಆರಿಸಲಾಯಿತು. ಒಂದು ವಾರವೂ ಕಳೆಯಲಿಲ್ಲ. ಜುಲೈ 2ರಂದು ತಂಡವು ಊರನ್ನು ಬಿಡುವುದು ಸ್ಥಿರವಾಯಿತು. ವೆಸ್ಟ್‌ಬ್ರೂಕನು ಸಿಯಾಟಲಿನ ಪರವಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ಓಕ್ಲಹೋಮಾ ಸಿಟಿಗೆ ಹೋಗಿ ಥಂಡರ್ ಎಂಬ ಹೊಸ ಹೆಸರು ತಳೆದ ಆ ತಂಡವನ್ನು ಅವನೂ ಡುರಾಂಟನೂ ಕೂಡಿ 2012ರಲ್ಲಿ ಅಂತಿಮ ಸರಣಿಗೆ ಕೊಂಡೊಯ್ದರು. ಕೃತನಾಶಕ್ಕೂ ಅಕೃತಾಭ್ಯಾಗಮಕ್ಕೂ ಇದಕ್ಕಿಂತ ನಿಚ್ಚಳವಾದ ಉದಾಹರಣೆಯನ್ನು ಯಾವ ಪೂರ್ವಪಕ್ಷಿಯೂ ಕಲ್ಪಿಸಿರಲಾರನು.

ಇಲ್ಲಿ ಮಾಲೀಕನ ಪಕ್ಷದಿಂದ ಒಂದು ಸಮಾಧಾನವುಂಟು. ಸೋತುದು ತಂಡ, ಫಲವನ್ನು ಪಡೆದುದೂ ಅದೇ ತಂಡ. ಕರ್ತೃವೂ ಭೋಕ್ತೃವೂ ಒಂದೇ ಆಗಿರುವಾಗ ದೋಷವೆಲ್ಲಿಯದು? ಊರು ಎಂಬುದು ತಂಡಕ್ಕೆ ಉಡುಗೆಯಿದ್ದಂತೆ. ಕಳಚಿ ಬೇರೊಂದನ್ನು ಉಟ್ಟುಕೊಂಡ ಮಾತ್ರಕ್ಕೆ ದೇಹಿಯು ಬೇರೆಯಾಗುವುದಿಲ್ಲ. ಗೀತೆಯನ್ನು ಬಲ್ಲವರಿಗೆ ಈ ವಾದದ ಧಾಟಿ ಪರಿಚಿತವೇ. ಆದರೆ ಈ ದೇಹಿ ಯಾರು? ಆಟಗಾರರು ಬದಲಾಗುತ್ತಾರೆ, ತರಬೇತುದಾರರು ಬದಲಾಗುತ್ತಾರೆ, ಮಾಲೀಕರೂ ಬದಲಾಗಿದ್ದರು. ಈಗ ಹೆಸರೂ ಬಣ್ಣವೂ ಬದಲಾದುವು. ಉಳಿದುದು ಒಂದು ಸನ್ನದು, ಎನ್‌ಬಿಎಯಲ್ಲಿ ಒಂದು ಸ್ಥಾನ ಮಾತ್ರ. ಆ ಕಾಗದವನ್ನೇ ಆತ್ಮವೆನ್ನುವುದಾದರೆ, ಮಿಲಿಂದ ರಾಜನಿಗೆ ನಾಗಸೇನನು ಹೇಳಿದ ಮಾವಿನ ಹಣ್ಣಿನ ಕಳ್ಳನ ದೃಷ್ಟಾಂತವನ್ನು ನೆನೆಯಬೇಕು. ನೀನು ನೆಟ್ಟ ಮಾವು ಬೇರೆ, ನಾನು ಕಿತ್ತ ಮಾವು ಬೇರೆ, ಆದುದರಿಂದ ನಾನು ಕಳ್ಳನಲ್ಲ ಎಂದು ಅವನು ವಾದಿಸುತ್ತಾನೆ. ಆ ವಾದವು ನಿಲ್ಲುವುದಿಲ್ಲ, ಏಕೆಂದರೆ ನೆಟ್ಟ ಮಾವಿಲ್ಲದೆ ಕಿತ್ತ ಮಾವಿಲ್ಲ. ಶಾಶ್ವತವಾದ ಆತ್ಮವನ್ನು ಒಪ್ಪದ ಆ ಭಿಕ್ಷುವೇ, ನೆಟ್ಟವನ ಹಕ್ಕನ್ನು ಮಾತ್ರ ಬಿಟ್ಟುಕೊಡಲಿಲ್ಲವೆಂಬುದು ಗಮನಾರ್ಹ.

ಆದರೂ ಪ್ರೇಕ್ಷಕನು ನೆಟ್ಟುದೇನು, ಅವನು ಕೇವಲ ನೋಡಿದವನಲ್ಲವೆ ಎಂದು ಕೇಳಬಹುದು. ಪ್ರಶ್ನೆ ಹಗುರವಾದುದಲ್ಲ. ಇದಕ್ಕೆ ಸಾಂಖ್ಯರಲ್ಲಿ ಒಂದು ಉತ್ತರವಿದೆ. ಅವರ ಪುರುಷನು ಏನನ್ನೂ ಮಾಡುವವನಲ್ಲ, ಸಾಕ್ಷಿ ಮಾತ್ರ. ಆದರೂ ಭೋಕ್ತೃತ್ವವು ಅವನದೇ, ಪ್ರಕೃತಿಯ ಕುಣಿತವೆಲ್ಲ ಅವನಿಗಾಗಿ. ನೋಡುವವನಿಲ್ಲದಿದ್ದರೆ ಹತ್ತು ಮಂದಿ ಎತ್ತರದ ಯುವಕರು ಒಂದು ಚೆಂಡನ್ನು ಕಬ್ಬಿಣದ ಬಳೆಯೊಳಗೆ ತೂರಿಸುವುದಕ್ಕೆ ಏನು ಅರ್ಥ? ಆ ಕ್ರಿಯೆಗೆ ಸುಖದುಃಖಗಳ ಆಕಾರವನ್ನು ಕೊಟ್ಟವನು ಪ್ರೇಕ್ಷಕನು. ಡೆನ್ವರಿನ ಆ ಐವತ್ತೆರಡು ಅಂಕಗಳ ಸೋಲು ಕಂಪೆನಿಯ ಲೆಕ್ಕಪುಸ್ತಕದಲ್ಲಿ ದುಃಖವಾಗಿರಲಿಲ್ಲ. ಸಿಯಾಟಲಿನ ಮನೆಗಳಲ್ಲಿ ಅದು ದುಃಖವಾಯಿತು. ದುಃಖವನ್ನು ಯಾರು ಉಂಡರೋ ಅವರೇ ಆ ಸೋಲಿನ ಭೋಕ್ತೃಗಳು, ಆದುದರಿಂದ ಅದರ ಫಲಕ್ಕೂ ಅವರೇ ಅಧಿಕಾರಿಗಳು. ಇದು ನನ್ನ ಪಕ್ಷ.

ಈ ಪಕ್ಷವನ್ನು ನ್ಯಾಯಾಲಯದಲ್ಲಿ ಆಡಿ ತೋರಿಸುವ ಪ್ರಯತ್ನವೂ ನಡೆಯಿತು. ಕ್ರೀಡಾಂಗಣದ ಗುತ್ತಿಗೆಯು 2010ರವರೆಗೆ ಇದ್ದುದರಿಂದ ನಗರವು ಮಾಲೀಕರ ಮೇಲೆ ದಾವೆ ಹೂಡಿತು. ಜೂನ್ ತಿಂಗಳಿನ ವಿಚಾರಣೆಯಲ್ಲಿ ಸಾಹಿತಿ ಷರ್ಮನ್ ಅಲೆಕ್ಸಿ ಅಭಿಮಾನಿಗಳ ಪರವಾಗಿ ಸಾಕ್ಷಿ ನುಡಿದನು. ತೀರ್ಪು ಹೊರಬೀಳುವುದಕ್ಕೆ ಮೊದಲೇ ರಾಜಿಯಾಯಿತು: ಮಾಲೀಕರು 4.5 ಕೋಟಿ ಡಾಲರ್ ತೆತ್ತು ತಂಡವನ್ನು ಕೊಂಡೊಯ್ಯತಕ್ಕದ್ದು; ಸೂಪರ್‌ಸಾನಿಕ್ಸ್ ಎಂಬ ಹೆಸರೂ ಹಸುರು ಹೊನ್ನಿನ ಬಣ್ಣಗಳೂ ಮುಂದೆಂದಾದರೂ ಬರಬಹುದಾದ ತಂಡಕ್ಕಾಗಿ ಸಿಯಾಟಲಿನಲ್ಲಿಯೇ ಉಳಿಯತಕ್ಕದ್ದು. ದೇವಾಲಯದ ಜೀರ್ಣೋದ್ಧಾರಕ್ಕೆ ಮುನ್ನ ಮೂರ್ತಿಯಲ್ಲಿರುವ ಕಲೆಯನ್ನು ಆಕರ್ಷಿಸಿ ಕಲಶದ ನೀರಿನಲ್ಲಿ ನೆಲೆಗೊಳಿಸುವ ವಿಧಿಯನ್ನು ಆಗಮಜ್ಞರು ಕಲಾಕರ್ಷಣವೆನ್ನುತ್ತಾರೆ. ಅನಂತರ ಆ ಶಿಲೆಯು ಬರಿಯ ಶಿಲೆ, ದೈವವಿರುವುದು ಕಲಶದಲ್ಲಿ. ಅಮೆರಿಕದ ವಕೀಲರು ತಮಗರಿಯದಂತೆಯೇ ಈ ವಿಧಿಯನ್ನು ನೆರವೇರಿಸಿದರೆನ್ನಬೇಕು. ವ್ಯತ್ಯಾಸವಿಷ್ಟೆ: ಕಲಶವನ್ನು ಕಾಯುವವನಿಗೆ ಪುನಃಪ್ರತಿಷ್ಠೆಯ ಮುಹೂರ್ತವು ಗೊತ್ತಿರುತ್ತದೆ, ಸಿಯಾಟಲಿಗೆ ಯಾವ ಮುಹೂರ್ತವನ್ನೂ ಇಟ್ಟುಕೊಡಲಿಲ್ಲ.

ಇಷ್ಟೆಲ್ಲದರ ನಡುವೆ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದಿರುವುದು 2008ರ ಏಪ್ರಿಲ್ 13ರ ಪಂದ್ಯ. ತಂಡವು ಸಿಯಾಟಲಿನಲ್ಲಿ ಆಡಿದ ಕಡೆಯ ಪಂದ್ಯ. ಎದುರಾಳಿ ಡಲ್ಲಾಸ್. ಆ ಪಂದ್ಯವನ್ನು ಗೆದ್ದರೆ ಬರುವುದೇನೂ ಇಲ್ಲ. ಲಾಟರಿಯ ಲೆಕ್ಕದಲ್ಲಿ ನೋಡಿದರೆ ಸೋಲುವುದೇ ಲಾಭ. ಆ ಲಾಭವಾದರೂ ಬೇರೆ ಊರಿನವರದು. ಸಾಮಾನ್ಯವಾಗಿ ಅಭಿಮಾನಿಗೆ ಆಧಾರವಾದ ‘ಬರುವ ವರ್ಷ’ವೆಂಬುದೂ ಅಲ್ಲಿರಲಿಲ್ಲ. ಆದರೂ ಜನ ಬಂದರು, ತಂಡವನ್ನು ಉಳಿಸಿರೆಂದು ಕೂಗಿದರು. ಆಟಗಾರರು ಆಡಿ 99ಕ್ಕೆ 95ರಿಂದ ಗೆದ್ದರು. ಐದು ದಿನಗಳ ಬಳಿಕ ಎನ್‌ಬಿಎಯ ಮಾಲೀಕರು 28ಕ್ಕೆ 2 ಮತಗಳಿಂದ ಸ್ಥಳಾಂತರವನ್ನು ಒಪ್ಪಿದರು. ಬೇಡವೆಂದು ಮತ ಹಾಕಿದವರು ಡಲ್ಲಾಸಿನ ಮತ್ತು ಪೋರ್ಟ್‌ಲೆಂಡಿನ ಮಾಲೀಕರಿಬ್ಬರೇ. ಫಲವನ್ನು ತೊರೆದು ಕರ್ಮವನ್ನು ಮಾಡಬೇಕೆಂಬ ಉಪದೇಶಕ್ಕೆ ಇದನ್ನು ಉದಾಹರಣೆಯಾಗಿ ಕೊಡಲು ನನಗೆ ಆಶೆಯಾಗುತ್ತದೆ, ಆದರೆ ಧೈರ್ಯವಾಗುವುದಿಲ್ಲ. ಫಲವನ್ನು ತಾನಾಗಿ ಬಿಡುವುದು ಬೇರೆ, ಕೈಯಿಂದ ಕಿತ್ತುಕೊಂಡ ಮೇಲೆ ಬಿಟ್ಟೆನೆನ್ನುವುದು ಬೇರೆ. ಗೀತಾಚಾರ್ಯನು ಫಲತ್ಯಾಗವನ್ನು ಬೋಧಿಸಿದುದು ಕರ್ಮವನ್ನು ಮಾಡುವವನಿಗೆ; ಅವನ ಫಲವನ್ನು ಅಪಹರಿಸುವವನಿಗೆ ಅದರಲ್ಲಿ ಯಾವ ಅಪ್ಪಣೆಚೀಟಿಯೂ ಇಲ್ಲ.

ನಮ್ಮಲ್ಲಿ ಇದನ್ನು ಮರೆತವರು ಬಹಳ. ಇಬ್ಬರು ಮೂವರು ಕುಳಿತು ಬರೆದ ಕರಾರಿನಿಂದ ಬಂದ ನಷ್ಟವನ್ನು ‘ಕರ್ಮ’ವೆಂದು ಕರೆದು ನಷ್ಟವುಂಡವನಿಗೆ ವೇದಾಂತವನ್ನು ಹೇಳುವುದು ಎಂದಿಗೂ ಸುಲಭ. ಕೃತನಾಶವು ಅಸಂಭವವೆಂದು ದಾರ್ಶನಿಕರು ಹೇಳಿದುದು ಋತದ ವ್ಯವಸ್ಥೆಯನ್ನು ಕುರಿತು. ಮನುಷ್ಯರು ಕಟ್ಟಿದ ವ್ಯವಸ್ಥೆಯಲ್ಲಿ ಅದು ಸಂಭವ ಮಾತ್ರವಲ್ಲ, ಅನೇಕ ವೇಳೆ ಅದರ ಉದ್ದೇಶವೇ ಅದು. ಓಕ್ಲಹೋಮಾದ ಜನರ ಮೇಲೆ ತಪ್ಪಿಲ್ಲವೆಂಬುದನ್ನೂ ಹೇಳಬೇಕು. ಕಟ್ರೀನಾ ಚಂಡಮಾರುತಕ್ಕೆ ಸಿಕ್ಕಿ ನೆಲೆಗೆಟ್ಟ ನ್ಯೂ ಆರ್ಲಿಯನ್ಸಿನ ತಂಡಕ್ಕೆ ಎರಡು ವರ್ಷ ಆಶ್ರಯವಿತ್ತು ತಾವು ಪ್ರೇಕ್ಷಕರಾಗಲು ಯೋಗ್ಯರೆಂಬುದನ್ನು ಅವರು ತೋರಿಸಿದ್ದರು. ತಮ್ಮ ಹೊಸ ತಂಡದ ಮೊದಲ ವರ್ಷದಲ್ಲಿ ಐವತ್ತೊಂಬತ್ತು ಸೋಲುಗಳನ್ನು ತಾವೂ ಉಂಡರು. ಸಿಯಾಟಲೂ ಆಟವನ್ನು ಬಿಡಲಿಲ್ಲ. ಅಲ್ಲಿನ ಮಹಿಳಾ ತಂಡವಾದ ಸ್ಟಾರ್ಮ್ ಅನ್ನು 2008ರಲ್ಲಿ ಊರಿನ ಮಹಿಳೆಯರ ಗುಂಪೊಂದು ಕೊಂಡು ಉಳಿಸಿಕೊಂಡಿತು, ಅದು 2010ರಲ್ಲಿ ಪಟ್ಟವನ್ನು ಗೆದ್ದಿತು. ಪುರುಷರ ತಂಡದ ವಿಯೋಗವನ್ನು ಕುರಿತು ಬರೆಯುವವರು ಈ ಮಾತನ್ನು ಏಕೋ ಕೊನೆಯಲ್ಲಿ ಹೇಳುತ್ತಾರೆ. ನಾನೂ ಹಾಗೆಯೇ ಮಾಡಿದೆನು.

2025ರ ಜೂನ್‌ನಲ್ಲಿ ಥಂಡರ್ ತಂಡವು ಇಂಡಿಯಾನಾದ ಮೇಲೆ ಏಳನೆಯ ಪಂದ್ಯದಲ್ಲಿ ಗೆದ್ದು ಪಟ್ಟವೇರಿತು. ಎನ್‌ಬಿಎಯ ದಾಖಲೆಗಳಲ್ಲಿ 1979ರ ಪಟ್ಟವೂ 2025ರ ಪಟ್ಟವೂ ಒಂದೇ ಸಂಸ್ಥೆಯ ಲೆಕ್ಕಕ್ಕೆ ಸೇರಿವೆ. ಆ ಲೆಕ್ಕವು ಕಾನೂನಿನ ದೃಷ್ಟಿಯಿಂದ ಸರಿಯಿರಬಹುದು. ಧರ್ಮದ ದೃಷ್ಟಿಯಿಂದ ನಾನು ಅದನ್ನು ಒಪ್ಪುವುದಿಲ್ಲ.