ಅಂಗಳದ ಪಿಸುಮಾತು

ಸ್ತನ ಕ್ಯಾನ್ಸರ್‌ನ ಚಿಕಿತ್ಸೆ ಮುಗಿಸಿ ಬಂದ ತಾಯಿಯನ್ನು ನೋಡಲು ಹೋದಾಗ ಮನೆಯವರು ಅಂಗಳದಲ್ಲೇ ತಡೆಯುತ್ತಾರೆ: "ಫಾದರ್, ಎಲ್ಲ ಗುಣವಾಯಿತು ಅಂತ ಹೇಳಿದ್ದೇವೆ. ನೀವೂ ಹಾಗೇ ಹೇಳಿ." ಒಳಗೆ ಆ ತಾಯಿ ಕೇಳುತ್ತಾಳೆ: "ಇವರೆಲ್ಲ ಏನೋ ಮುಚ್ಚಿಡುತ್ತಿದ್ದಾರೆ, ಅಲ್ಲವೇ ಫಾದರ್?" ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಪ್ರೀತಿಯಿಂದ ಹೇಳಿದ ಸುಳ್ಳೂ ತಪ್ಪೇ ಎಂದು ನೀವು ಕೇಳಬಹುದು. ಮೊದಲು, ಆ ಸುಳ್ಳಿನ ಫಲವನ್ನು ನೋಡೋಣ. ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದಿದ್ದರೆ ಅಥವಾ ಅಲ್ಲಿಗೆ ವಿಕಿರಣ ಕೊಟ್ಟಿದ್ದರೆ, ಆ ಬದಿಯ ಕೈ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಊದಿಕೊಳ್ಳಬಹುದು. ಆರಂಭದಲ್ಲೇ ತೋರಿಸಿದರೆ ವ್ಯಾಯಾಮ, ಬಿಗಿಪಟ್ಟಿಗಳಿಂದ ಹತೋಟಿಗೆ ತರಬಹುದು. ಕೆಲವು ಔಷಧಿಗಳು ಹೃದಯವನ್ನು ದುರ್ಬಲಗೊಳಿಸಬಲ್ಲವು. ಹಾರ್ಮೋನ್‌ಗೆ ಸ್ಪಂದಿಸುವ ಕ್ಯಾನ್ಸರ್ ಆದರೆ ಟಮಾಕ್ಸಿಫೆನ್‌ನಂತಹ ಮಾತ್ರೆಯನ್ನು ಸಾಮಾನ್ಯವಾಗಿ 5 ವರ್ಷ, ಕೆಲವರು 10 ವರ್ಷ ನುಂಗಬೇಕು. ಈ ಬಗೆಯದು 10 ವರ್ಷ ಕಳೆದ ಮೇಲೂ ಮರಳಬಲ್ಲದು.

"ಎಲ್ಲ ಮುಗಿಯಿತು" ಎಂದು ನಂಬಿದವಳು ದಿನವೂ ಮಾತ್ರೆ ಏಕೆ ನುಂಗಿಯಾಳು? ಕೈ ಭಾರವಾದರೆ, ಏದುಸಿರು ಬಂದರೆ ಯಾರಿಗೆ ಹೇಳಿಯಾಳು? ನಮ್ಮ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಆ ಸುಳ್ಳು ಅವಳ ಕಾವಲನ್ನೇ ಕಸಿದುಕೊಂಡಿತು. ಆದ್ದರಿಂದ ಅದು ತಪ್ಪು.

ಹಾಗೆಂದು ಅಂಕಿಗಳನ್ನು ಮುಖಕ್ಕೆ ಎಸೆಯುವುದೂ ಸತ್ಯವಲ್ಲ. ರೋಗ ಬೇಗ ಪತ್ತೆಯಾದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು, ನಿಜ. ಆದರೆ 5 ವರ್ಷ ದಾಟುವವರು ನೂರಕ್ಕೆ ಇಷ್ಟು ಎಂಬುದು ಬಹುಜನರ ಲೆಕ್ಕ. ಆ ನೂರರಲ್ಲಿ ಇವಳು ಯಾರೆಂದು ಅದು ಹೇಳುವುದಿಲ್ಲ.

13ನೇ ಶತಮಾನದ ಸಂತ ತೋಮಸ್ ಅಕ್ವಿನಾಸ್ ನಿರೀಕ್ಷೆಯನ್ನು ಹೀಗೆ ವಿವರಿಸಿದರು: ನಾವು ನಿರೀಕ್ಷಿಸುವುದು ಒಳ್ಳೆಯದಾಗಿರಬೇಕು, ಮುಂದೆ ಬರುವಂಥದ್ದಾಗಿರಬೇಕು, ಕಷ್ಟದ್ದಾಗಿರಬೇಕು, ಆದರೂ ಸಾಧ್ಯವಿರಬೇಕು. "ಏನೂ ಇಲ್ಲ ಬಿಡು" ಎನ್ನುವವರು ಕಷ್ಟವನ್ನು ಅಳಿಸುತ್ತಾರೆ. "ಇನ್ನೇನು ಉಳಿದಿದೆ" ಎನ್ನುವವರು ಸಾಧ್ಯತೆಯನ್ನು ಅಳಿಸುತ್ತಾರೆ. ಎರಡರಲ್ಲಿಯೂ ಸಾಯುವುದು ನಿರೀಕ್ಷೆಯೇ.

ಹಾಗಾದರೆ ಏನು ಹೇಳಬೇಕು? ತನ್ನನ್ನು ತಾನು ಕಾಯ್ದುಕೊಳ್ಳಲು ಬೇಕಾದುದನ್ನು ಅವಳಿಗೆ ಹೇಳಲೇಬೇಕು. ಉಳಿದುದನ್ನು ಅವಳು ಕೇಳಿದಾಗ, ಕೇಳಿದಷ್ಟು ಹೇಳಿ. ಮುಂದಿನ ತಪಾಸಣೆಗೆ ಜೊತೆಯಲ್ಲಿ ಹೋಗಿ, ವೈದ್ಯರ ಮುಂದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಮನೆಗೆಲಸದಲ್ಲಿ ಒಂದು ಪಾಲು ಹೊತ್ತುಕೊಳ್ಳಿ. "ಕೈ ಹೇಗಿದೆ?" ಎಂದು ನೀವೇ ಕೇಳಿ, ಉತ್ತರ ಬರುವ ತನಕ ಕಾಯಿರಿ.

ಕಾಯಿಲೆಯಿಂದ ಅವಳಿಗಾದ ನೋವೇ ಸಾಕು. ತನ್ನ ಮನೆಯಲ್ಲೇ ಅವಳು ಒಂಟಿಯಾಗುವುದು ಬೇಡ.